ಮೇಸ್ತ್ರಿ ಮುನೀಫ್ ಮತ್ತು ಬದ್ರಿಯಾಳ ಹಿಪ್ಪುನೇರಳೆ

ಲೆಬನಾನಿನ ನಮ್ಮ ಬಂದರು ಪಟ್ಟಣ ಮೀನಾದಲ್ಲಿ ಸರ್ಕಾರದ ಕರೆಂಟು ಪೂರ್ತಿ ಕೈಕೊಟ್ಟ ವರ್ಷವೇ ಮೇಸ್ತ್ರಿ ಮುನೀಫನ ಅದೃಷ್ಟ ಖುಲಾಯಿಸಿದ್ದು. ಅಲ್ಲಿಯವರೆಗೆ ಅವನು ನನ್ನ ಕ್ಷೌರದಂಗಡಿಯ ಪಕ್ಕದ ಮಳಿಗೆಯಲ್ಲಿ ಹಳೇ ಟೀವಿಗಳ ಹೊಟ್ಟೆ ಬಗೆದುಕೊಂಡು ಕೂತಿರುತ್ತಿದ್ದ. ಟೀವಿ ರಿಪೇರಿಗೆ ತರುವವರು ಕಡಿಮೆಯಾದಂತೆಲ್ಲ ಅವನು ತನ್ನ ಅಂಗಡಿಗಿಂತ ಹೆಚ್ಚು ಹೊತ್ತು ನನ್ನ ಬೆಂಚಿನ ಮೇಲೆಯೇ ಇರತೊಡಗಿದ. ಬೆಳಿಗ್ಗೆ ಕಾಫಿ, ಸಂಜೆ ಕಾಫಿ, ನಡುವೆ ಸರ್ಕಾರಕ್ಕೆ ಬೈಗುಳ. ಆಮೇಲೆ ಡೀಸೆಲ್ ಸಿಗದಾಯಿತು, ಬೀದಿಯ ಜನರೇಟರಿನವನ ಸೊಕ್ಕು ಹೆಚ್ಚಿತು, ಒಬ್ಬರ ಹಿಂದೊಬ್ಬರು ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಲು ಹೊರಟರು. ಬೈರೂತಿನ ಕಂಪನಿಗಳನ್ನು ಕರೆಸುವ ಶಕ್ತಿ ನಮ್ಮವರಿಗೆಲ್ಲಿ? ಹತ್ತಿರದಲ್ಲಿದ್ದವನು ಮುನೀಫ್, ಕೈಯಲ್ಲಿ ಕೆಲಸವಿಲ್ಲದೆ ಕೂತಿದ್ದವನೂ ಅವನೇ. ನೋಡುನೋಡುತ್ತಿದ್ದಂತೆ ಬಂದರಿನಿಂದ ಹಾಳುಬಿದ್ದ ರೈಲು ನಿಲ್ದಾಣದವರೆಗೆ ಅವನು ಹತ್ತದ ಚಾವಣಿ ಉಳಿಯಲಿಲ್ಲ.

ಅವನ ಕೈ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೋಸವೂ ಇರಲಿಲ್ಲ. ಆದರೆ ಕತ್ತಲೆ ಮನೆಯಲ್ಲಿ ಬಲ್ಬು ಹತ್ತಿಸಿದವನನ್ನು ಜನ ನೋಡುವ ರೀತಿಯೇ ಬೇರೆ. ಮುದುಕಿಯರು ಅವನ ಹಣೆಗೆ ಮುತ್ತಿಡುತ್ತಿದ್ದರು. ಫ್ರಿಜ್ಜಿನ ನೀರು ಕುಡಿದ ಗಂಡಸರು ಬೀದಿಯಾಚೆಯಿಂದಲೇ "ಮೇಸ್ತ್ರಿ!" ಎಂದು ಕೂಗಿ ಸಲಾಮು ಹೊಡೆಯುತ್ತಿದ್ದರು. ಐವತ್ತು ದಾಟಿದ ಮೇಲೆ ಬಂದ ಮರ್ಯಾದೆ ಬೇಗ ತಲೆಗೇರುತ್ತದೆ. ಯಾರು ಏನೇ ಕೇಳಲಿ, ಅವರ ಮಾತು ಮುಗಿಯುವ ಮೊದಲೇ ಅವನ ಉತ್ತರ ಹೊರಬೀಳುತ್ತಿತ್ತು.

ನನ್ನ ಅಂಗಡಿಯ ಎದುರಿಗೆ ಅಬು ನಿಜಾರನ ಬೇಕರಿ. ಎರಡಂತಸ್ತಿನ ಕಟ್ಟಡ, ಕೆಳಗೆ ಒಲೆ, ಮೇಲೆ ಅವನ ಸಂಸಾರ. ಚಳಿಗಾಲದಲ್ಲಿ ಮುನೀಫ್ ಅದರ ಚಾವಣಿಯ ಮೇಲೆ ಹತ್ತು ಪ್ಯಾನೆಲ್ ಕೂರಿಸಿ, ಎಲ್ಲವನ್ನೂ ಒಂದಕ್ಕೊಂದು ಕಟ್ಟಿ ಒಂದೇ ಸಾಲು ಮಾಡಿ, ಕೆಳಗಿನ ಇನ್ವರ್ಟರಿಗೆ ತಂತಿ ಇಳಿಸಿದ. ಹಗಲೆಲ್ಲ ಬ್ಯಾಟರಿ ತುಂಬಬೇಕು, ಬೆಳಗಿನ ಜಾವ ಅದರಿಂದ ಹಿಟ್ಟು ಕಲಸುವ ಯಂತ್ರ ತಿರುಗಬೇಕು. ತಿರುಗಿತು. ಅಬು ನಿಜಾರ್ ಬೀದಿಗೆಲ್ಲ ಝಾತರ್ ಮಸಾಲೆ ಸವರಿದ ಬಿಸಿ ರೊಟ್ಟಿ ಹಂಚಿದ.

ವಸಂತ ಬಂದದ್ದೇ ತಾಪತ್ರಯ ಶುರುವಾಯಿತು. ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅಬು ನಿಜಾರ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನನ್ನ ಅಂಗಡಿಗೆ ನುಗ್ಗಿದ.

"ಏನಯ್ಯಾ ಮೇಸ್ತ್ರಿ, ನನ್ನ ಚಾವಣಿ ಮೇಲೆ ನೀನು ಹಾಕಿರೋದು ಪ್ಯಾನೆಲ್ಲೋ, ಪಾರಿವಾಳ ಕೂರೋ ಹಲಗೆನೋ?"

"ಯಾಕೆ, ಏನಾಯ್ತು?" ಮುನೀಫ್ ಕಾಫಿ ಕೆಳಗಿಟ್ಟ.

"ಏನಾಗೋದು! ಈ ವಾರದಲ್ಲಿ ಮೂರನೇ ಸಲ ಮಿಷನ್ ಅರ್ಧಕ್ಕೇ ಗಪ್ಪಂತ ನಿಂತಿದೆ. ಕೈಯಲ್ಲೇ ನಾದಿದ್ದೀನಿ ನೋಡು, ಭುಜ ಎತ್ತಕ್ಕಾಗ್ತಿಲ್ಲ. ಬಿಸಿಲು ಜಾಸ್ತಿ ಆದಂಗೆ ಕರೆಂಟು ಕಡಿಮೆ ಆಗೋ ಸೋಲಾರು ನಿಂದೊಂದೇ ಇರಬೇಕು ಲೋಕದಲ್ಲಿ."

ಬೆಂಚಿನ ಮೇಲಿದ್ದವರು ನಕ್ಕರು. ಮುನೀಫ್ ನಗಲಿಲ್ಲ. ನೇರ ಚಾವಣಿ ಹತ್ತಿದ. ಕೆಳಗಿಳಿದು ಬಂದಾಗ ಮುಖ ಗೆಲುವಾಗಿತ್ತು.

"ಸಿಕ್ತು," ಎಂದ. "ಹಿಪ್ಪುನೇರಳೆ."

ಬೇಕರಿಯ ಬೆನ್ನಿಗೆ, ಪೂರ್ವಕ್ಕೆ, ಬದ್ರಿಯಾಳ ಮನೆ. ಒಂದೇ ಅಂತಸ್ತು, ನಡುವೆ ಅಂಗಳ, ಅಂಗಳದಲ್ಲಿ ಬೇಕರಿಯ ಚಾವಣಿಗಿಂತ ಎತ್ತರ ಬೆಳೆದ ಹಿಪ್ಪುನೇರಳೆ ಮರ. ಚಳಿಗಾಲದಲ್ಲಿ ಅದು ಬರೀ ಕಡ್ಡಿ. ಮುನೀಫ್ ಪ್ಯಾನೆಲ್ ಕೂರಿಸಿದಾಗ ಅದರಲ್ಲಿ ಒಂದೆಲೆಯೂ ಇರಲಿಲ್ಲ. ಈಗ ಚಿಗುರಿ ದಟ್ಟವಾಗಿ, ಬೆಳಗಿನ ಹೊತ್ತು ಕೊನೆಯ ಎರಡು ಪ್ಯಾನೆಲ್‌ಗಳ ಮೇಲೆ ನೆರಳು ಚೆಲ್ಲುತ್ತಿತ್ತು. ಅದೇ ಮರದಡಿ ಆಡಿ ಬೆಳೆದವನಿಗೆ, ಹಣ್ಣು ತಿಂದು ಅಂಗಿ ಕಲೆ ಮಾಡಿಕೊಂಡು ಅಮ್ಮನ ಕೈಲಿ ಏಟು ತಿಂದವನಿಗೆ, ಅದು ವಸಂತದಲ್ಲಿ ಎಲೆ ಬಿಡುತ್ತದೆ ಎನ್ನುವುದು ಹೊಳೆದಿರಲಿಲ್ಲ.

"ಎರಡಕ್ಕೇ ತಾನೇ ನೆರಳು? ಮಿಕ್ಕ ಎಂಟಕ್ಕೆ ಏನು ರೋಗ?" ಎಂದು ಅಬು ನಿಜಾರ್ ಕೇಳಿದ. ರೊಟ್ಟಿ ಸುಡುವವನ ಆ ಪ್ರಶ್ನೆ ಸರಿಯಾಗಿಯೇ ಇತ್ತು.

"ಎಲ್ಲಾ ಒಂದೇ ಸಾಲಲ್ಲಿದಾವೆ. ಸರಪಳಿ ಇದ್ದಂಗೆ. ಒಂದು ಕುಂಟಿದ್ರೆ ಎಲ್ಲಾ ಕುಂಟ್ತವೆ. ಮರ ಹೋಗ್ಬೇಕು, ಬೇರೆ ದಾರಿ ಇಲ್ಲ," ಎಂದ ಮುನೀಫ್.

ಬದ್ರಿಯಾಳ ಬಳಿ ಕೇಳಲು ನಾವು ಮೂವರೂ ಹೋದೆವು. ನಾನು ಯಾಕೆ ಎಂದರೆ, ಅವಳ ಗಂಡನಿಗೆ ಕೊನೆಯವರೆಗೆ ಕ್ಷೌರ ಮಾಡಿದವನು ನಾನು. ನನ್ನ ಮಾತಿಗೆ ಅವಳು ಬೆಲೆ ಕೊಡುತ್ತಾಳೆಂದು ಅಬು ನಿಜಾರನ ಲೆಕ್ಕ.

ಬದ್ರಿಯಾ ನಮ್ಮ ಬೀದಿಯ ದರ್ಜಿ. ಎಪ್ಪತ್ತು ದಾಟಿದರೂ ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದಳು. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರವನ್ನು ವಸಂತದಿಂದ ಶರತ್ಕಾಲದವರೆಗೆ ಮರದಡಿಯೇ ಇಟ್ಟುಕೊಳ್ಳುತ್ತಿದ್ದಳು. ಮುನೀಫ್ ಎಂದಿನಂತೆ ಅಡುಗೆಮನೆಗೆ ಹೋಗಿ ತಾನೇ ಕಾಫಿ ಕಾಯಿಸಿ ತಂದ. ಅವಳಿಗೆ ಅವನು ಮನೆಮಗನ ಹಾಗೆ.

ವಿಷಯ ಕೇಳಿ ಅವಳು ಹೊಲಿಗೆ ನಿಲ್ಲಿಸಿದಳು. ಮೇಲೆ ನೋಡಿದಳು. ಕಾಯಿ ಇನ್ನೂ ಹಸಿರು.

"ಆ ಕಡೆ ಕೊಂಬೆ ಮಾತ್ರ ಕಡಿದ್ರೆ?"

"ಬೇಸಿಗೆ ಮುಗಿಯೋದ್ರೊಳಗೆ ಮತ್ತೆ ಬರುತ್ತೆ ಚಿಕ್ಕಮ್ಮ."

"ಪ್ಯಾನೆಲ್ಲೇ ಆ ಕಡೆ ಸರಿಸಿದ್ರೆ?"

"ಚಾವಣೀಲಿ ಜಾಗ ಇಲ್ಲ."

"ನೀನು ತಿಳಿದೋನು ಮುನೀಫ್, ಅದಕ್ಕೇ ನಿನ್ನನ್ನೇ ಕೇಳ್ತೀನಿ. ಬೇರೆ ಯಾವ ದಾರಿನೂ ಇಲ್ವಾ?"

"ಇಲ್ಲ ಚಿಕ್ಕಮ್ಮ. ನನ್ನ ಕಣ್ಣಾಣೆಗೂ ಇಲ್ಲ."

ಅವಳು ಬಟ್ಟೆಯಿಂದ ಜೋತಿದ್ದ ದಾರ ಕತ್ತರಿಸಿದಳು. ಆಮೇಲೆ ಅಬು ನಿಜಾರನ ಕಡೆ ತಿರುಗಿ, "ಬೀದಿಯವರ ರೊಟ್ಟಿಗೆ ನನ್ನ ಮರ ಅಡ್ಡ ಬಂತು ಅಂತ ಆಗಬಾರ್ದು. ಹಣ್ಣಾಗೋವರೆಗಾದ್ರೂ ಬಿಡ್ತೀರಾ?" ಎಂದಳು. ಅಬು ನಿಜಾರ್ ಮುನೀಫನನ್ನು ನೋಡಿದ. ಬ್ಯಾಟರಿಗಳು ದಿನಾ ಅರ್ಧ ಖಾಲಿ ಉಳಿದರೆ ಹಾಳಾಗುತ್ತವೆ ಎಂದ ಮುನೀಫ್. ಅದೂ ನಿಜವೇ. ಅವಳು "ಆಯ್ತು ಹಾಗಾದ್ರೆ" ಎಂದು ಮತ್ತೆ ಯಂತ್ರ ತುಳಿಯಲು ಶುರುಮಾಡಿದಳು.

ಗರಗಸದವರು ಬಂದು ಒಂದೇ ದಿನದಲ್ಲಿ ಮುಗಿಸಿದರು. ಅಂಗಳದ ತುಂಬ ಎಳೆ ಕಾಯಿ ಚೆಲ್ಲಿ, ತುಳಿದಲ್ಲೆಲ್ಲ ಪಚಪಚ. ಕಟ್ಟಿಗೆ ಯಾಕೆ ವ್ಯರ್ಥವಾಗಬೇಕೆಂದು ಅಬು ನಿಜಾರ್ ಒಯ್ದು ಒಲೆಗೆ ಹಾಕಿದ. ಬೀದಿಯವರೆಲ್ಲ ಅದರಲ್ಲಿ ಬೆಂದ ರೊಟ್ಟಿ ತಿಂದೆವು.

ಮರ ಹೋದ ಮೇಲೆ ಕರೆಂಟು ಏರಿತೇನೋ ನಿಜ, ಆದರೆ ಸ್ವಲ್ಪ. ಮುಂಜಾನೆ ಚೆನ್ನಾಗಿರುತ್ತಿತ್ತು, ಹೊತ್ತೇರಿದಂತೆ ಧೊಪ್ಪನೆ ಬೀಳುತ್ತಿತ್ತು, ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಮುನೀಫ್ ದಿನಾ ಹತ್ತಿ ಇಳಿಯುತ್ತಿದ್ದ. ಕೊನೆಗೆ ಕಂಡಿತು. ಬೇಕರಿಯದೇ ಹೊಗೆಕೊಳವೆ. ಅದರ ನೆರಳು ತೋಳಿನಷ್ಟು ದಪ್ಪ, ಅಷ್ಟೇ. ಸೂರ್ಯ ಏರಿದಂತೆ ಒಂದು ಪ್ಯಾನೆಲ್‌ನಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುತ್ತಿತ್ತು.

"ಇದನ್ನೂ ಕಡೀಬೇಕಾ?" ಎಂದ ಅಬು ನಿಜಾರ್. "ಒಲೆ ಮುಚ್ಚಿಬಿಡ್ತೀನಿ, ಆಗ ಹೊಗೆಕೊಳವೆ ಬೇಡ. ಒಲೆ ಇಲ್ದಿದ್ರೆ ಹಿಟ್ಟು ಬೇಡ, ಹಿಟ್ಟು ಬೇಡ ಅಂದ್ರೆ ಕರೆಂಟೂ ಬೇಡ. ಬಗೆಹರೀತಲ್ಲ ಮೇಸ್ತ್ರಿ!"

ಅವತ್ತು ಮುನೀಫ್ ಬೈರೂತಿನಲ್ಲಿ ಇನ್ವರ್ಟರ್ ಮಾರಿದ ಅಂಗಡಿಗೆ ಫೋನು ಮಾಡಿದ. ಯಂತ್ರದಲ್ಲೇ ದೋಷವಿದೆ, ಬದಲಿಸಿಕೊಡಿ ಎಂದು ಜಗಳ ತೆಗೆಯುವುದು ಅವನ ಉದ್ದೇಶ. ಆ ಕಡೆಯವನು ಬೇರೆ ಯಾರ ಜೊತೆಯೋ ಮಾತಾಡುತ್ತಲೇ ಇವನಿಗೂ ಉತ್ತರ ಕೊಡುತ್ತಿದ್ದನಂತೆ.

"ನೆರಳು ಬೀಳೋ ಜಾಗಾನಾ? ಹಾಗಾದ್ರೆ ನೆರಳಿನ ಹುಡುಕಾಟ ಆನ್ ಮಾಡಿದೀರಾ?"

"ಯಾವ ಹುಡುಕಾಟ?"

"ಸೆಟ್ಟಿಂಗಲ್ಲಿದೆ ಸ್ವಾಮಿ. ಫ್ಯಾಕ್ಟರಿಯಿಂದ ಆಫ್ ಆಗೇ ಬರುತ್ತೆ. ನೋಡಿ, ಪೂರಾ ಬಿಸಿಲಿದ್ರೆ ಹೆಚ್ಚು ಕರೆಂಟು ಸಿಗೋ ಜಾಗ ಒಂದೇ, ಮಿಷನ್ನು ತಾನಾಗೇ ಹಿಡಿಯುತ್ತೆ. ಅಲ್ಲಲ್ಲಿ ನೆರಳು ಬಿತ್ತು ಅಂದ್ರೆ ಅಂಥ ಜಾಗ ಎರಡೋ ಮೂರೋ ಆಗ್ತವೆ, ಒಂದು ಚಿಕ್ಕ ಗುಡ್ಡ, ಒಂದು ದೊಡ್ಡ ಗುಡ್ಡ ಅಂತ ಇಟ್ಕೊಳ್ಳಿ. ಇದು ಹತ್ತಿರ ಸಿಕ್ಕಿದ ಚಿಕ್ಕ ಗುಡ್ಡ ಹತ್ತಿ ಅಲ್ಲೇ ಕೂತುಬಿಡುತ್ತೆ. ಹುಡುಕಾಟ ಆನ್ ಮಾಡಿದ್ರೆ ಆಗಾಗ ಪೂರ್ತಿ ಓಡಾಡಿ ದೊಡ್ಡದನ್ನ ಹುಡುಕುತ್ತೆ. ನೆರಳು ಬಿದ್ದ ಪ್ಯಾನೆಲ್ಲನ್ನ ಪಕ್ಕಕ್ಕೆ ಬಿಟ್ಟು ಮಿಕ್ಕಿದ್ದರಿಂದ ಎಳ್ಕೊಳುತ್ತೆ. ನೆರಳಿರೋ ಕಡೆ ಅದಿಲ್ದೆ ಯಾರು ಹಾಕ್ತಾರೆ?"

ಮುನೀಫ್ ಫೋನಿಟ್ಟು, ಬೇಕರಿಯ ಗೋಡೆಯ ಮೇಲಿನ ಇನ್ವರ್ಟರಿನ ಗುಂಡಿಗಳನ್ನು ಒತ್ತುತ್ತ ಹೋದ. ಅವನು ಎಂದೂ ತೆರೆದು ನೋಡದ ಪುಟದಲ್ಲಿ ಅದು ಇತ್ತು. ಆನ್ ಮಾಡಿದ. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಅಂಕಿ ಏರಿತು, ಹೆಚ್ಚೂಕಡಿಮೆ ಎರಡರಷ್ಟಾಯಿತು. ಹೊಗೆಕೊಳವೆಯ ನೆರಳು ಚಾವಣಿಯ ಮೇಲೆ ಇದ್ದಲ್ಲೇ ಇತ್ತು.

ಮುಂದಿನದನ್ನು ಅವನು ನನಗೆ ಹೇಳಿದ್ದು ಎಷ್ಟೋ ದಿನಗಳಾದ ಮೇಲೆ. ಅವನ ಮನಸ್ಸಿಗೆ ಆಗಲೇ ಏನೋ ಚುಚ್ಚಿತ್ತು. ಮರುದಿನ ಬೆಳಿಗ್ಗೆ ಖಾಲಿ ಹಿಟ್ಟಿನ ಚೀಲಗಳನ್ನು ಹೊತ್ತು ಚಾವಣಿ ಹತ್ತಿದ. ಹಿಪ್ಪುನೇರಳೆಯ ನೆರಳು ಎಲ್ಲೆಲ್ಲಿ ಬೀಳುತ್ತಿತ್ತು ಎಂದು ಅವನಿಗೆ ಚೆನ್ನಾಗಿ ನೆನಪಿತ್ತು. ಅಲ್ಲೇ, ಕೊನೆಯ ಎರಡು ಪ್ಯಾನೆಲ್‌ಗಳ ಮೇಲೆ ಚೀಲ ಹಾಸಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ಕೆಳಗಿಳಿದು ಅಂಕಿ ನೋಡಿದ. ಆ ಎರಡರ ಪಾಲು ಮಾತ್ರ ಕಡಿಮೆಯಾಗಿತ್ತು. ಮಿಕ್ಕ ಎಂಟೂ ತಮ್ಮ ಪಾಡಿಗೆ ದುಡಿಯುತ್ತಿದ್ದವು. ಚೀಲದ ನೆರಳು ಎಲೆಯ ನೆರಳಿಗಿಂತ ಎಷ್ಟೋ ದಟ್ಟ. ಆ ಎರಡು ಪ್ಯಾನೆಲ್ಲನ್ನು ಬೇರೆ ಸಾಲು ಮಾಡಿದ್ದರೆ ಅಷ್ಟೂ ನಷ್ಟವಾಗುತ್ತಿರಲಿಲ್ಲ. ಮರ ಇದ್ದುಕೊಂಡೇ ರೊಟ್ಟಿ ಬೇಯಬಹುದಿತ್ತು.

ಚೀಲ ತೆಗೆಯಲು ಮತ್ತೆ ಹತ್ತಿದವನಿಗೆ ಚಾವಣಿಯ ಅಂಚಿನಿಂದ ಕೆಳಗಿನ ಅಂಗಳ ಕಂಡಿತು. ಬೋಳು ಬಿಸಿಲು. ಹೊಲಿಗೆ ಯಂತ್ರ ಅಲ್ಲಿರಲಿಲ್ಲ. ಅದನ್ನು ಬದ್ರಿಯಾ ಒಳಗಿನ ಕೋಣೆಗೆ ಸಾಗಿಸಿದ್ದಳು. ಆ ಕೋಣೆಗೆ ಇರುವುದೊಂದು ಗವಾಕ್ಷಿ. ಹಗಲಲ್ಲೂ ದೀಪವಿಲ್ಲದೆ ಅಲ್ಲಿ ಹೊಲಿಗೆ ಕಾಣುವುದಿಲ್ಲ. ಅವಳಿಗೆ ಕರೆಂಟೆಲ್ಲಿದೆ? ಮರದ ಕೆಳಗಿನ ತಂಪು ಬೆಳಕೇ ಅವಳ ಕರೆಂಟಾಗಿತ್ತು. ಈಗ ಬ್ಯಾಟರಿ ಟಾರ್ಚನ್ನು ಯಂತ್ರಕ್ಕೆ ಕಟ್ಟಿಕೊಂಡು ಹೊಲಿಯುತ್ತಿದ್ದಳು.

ಮುನೀಫ್ ಯಾರಿಗೂ ಹೇಳಲಿಲ್ಲ. ಅಬು ನಿಜಾರ್ ಮಾತ್ರ ಸಿಕ್ಕಸಿಕ್ಕವರ ಮುಂದೆ, "ನಮ್ಮ ಮೇಸ್ತ್ರಿ ಮರ ಕಡಿಸಿದ್ದೇ ಸರಿ ನೋಡು, ಈಗ ಮಿಷನ್ನು ಗಿರ್ರಂತ ತಿರುಗುತ್ತೆ!" ಎಂದು ಬೆನ್ನು ತಟ್ಟುತ್ತಿದ್ದ. ಮುನೀಫ್ "ಹೂಂ" ಎನ್ನುತ್ತಿದ್ದ. ಆ ಬೇಸಿಗೆ ಅವನು ಎಲ್ಲಿ ಕೂತರೂ ನೆಮ್ಮದಿಯಾಗಿ ಕೂರಲಿಲ್ಲ. ಹೊಗಳಿದರೆ ಎದ್ದು ಹೋಗುತ್ತಿದ್ದ. ಅವನ ಹೆಂಡತಿ ವಫಾ ನನ್ನ ಹೆಂಡತಿಯ ಹತ್ತಿರ, "ರೊಟ್ಟಿ ತಂದಿಟ್ರೆ ಮುಟ್ಟಲ್ಲ ಕಣೇ, ಅನ್ನ ಮಾಡು ಅಂತಾರೆ, ಏನಾಗಿದೆಯೋ" ಎಂದು ಹೇಳಿಕೊಂಡಿದ್ದಳು. ಹೊಟ್ಟೆಯ ತೊಂದರೆ ಇರಬೇಕೆಂದು ನಾವಂದುಕೊಂಡೆವು.

ಆಗಸ್ಟ್ ಕೊನೆಯಲ್ಲಿ, ಒಂದು ಶುಕ್ರವಾರ, ಅವನು ನನ್ನ ಕುರ್ಚಿಯಲ್ಲಿ ಕೂತಿದ್ದ. ಮುಖದ ತುಂಬ ನೊರೆ. ಅರ್ಧ ಗಡ್ಡ ತೆಗೆದಿದ್ದೆ. ಬೆಂಚಿನ ಮೇಲೆ ಅಬು ನಿಜಾರ್, ಮತ್ತಿಬ್ಬರು ಮೀನುಗಾರರು. ಆಗ ಹಾಜಿ ಮಿಸ್ಬಾಹ್ ಒಳಗೆ ಬಂದರು. ಸುಂಕದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಸೀದಿಯ ಹಿಂದೆ ಮನೆ.

"ಮೇಸ್ತ್ರಿ, ಮುಂದಿನ ವಾರ ನಮ್ಮನೆಗೆ ಪ್ಯಾನೆಲ್ ಹಾಕೋದಲ್ವಾ? ನೀವು ಬರೋದ್ರೊಳಗೆ ಅಂಗಳದ ಖರ್ಜೂರದ ಮರ ತೆಗೆಸಿಬಿಡೋಣ ಅಂತ ಗರಗಸದವರಿಗೆ ಹೇಳಿದ್ದೀನಿ. ನಾಳೆ ಬೆಳಿಗ್ಗೆ ಬರ್ತಾರೆ. ನಮ್ಮಜ್ಜ ನೆಟ್ಟಿದ್ದು, ಮನಸ್ಸು ಬರ್ಲಿಲ್ಲ. ಏನ್ಮಾಡೋದು, ನೆರಳಿದ್ರೆ ನಡೆಯಲ್ಲ ಅಂತ ನೀವೇ ಕಂಡುಹಿಡಿದಿದ್ದೀರಲ್ಲ."

ಕತ್ತಿ ನನ್ನ ಕೈಯಲ್ಲಿರುವಾಗಲೇ ಮುನೀಫ್ ಹಾಜಿಯ ಕಡೆ ತಲೆ ತಿರುಗಿಸಿದ. ಕೈ ಹಿಂದೆಗೆದೆ.

"ಕಡಿಸ್ಬೇಡಿ ಹಾಜಿ," ಎಂದ.

"ಯಾಕೆ?"

"ಬೇಕಾಗಿಲ್ಲ. ನೆರಳಿದ್ರೂ ನಡೆಯುತ್ತೆ. ಬೇರೆ ಥರ ಕಟ್ಬೋದು. ಮಿಷನ್ನಿಗೂ ಒಂದು ಸೆಟ್ಟಿಂಗಿದೆ."

ಅಬು ನಿಜಾರ್ ನಕ್ಕ. "ಹಾಜಿ ಮರಕ್ಕೆ ಸೆಟ್ಟಿಂಗಿದೆ, ಬದ್ರಿಯಾ ಮರಕ್ಕೆ ಮಾತ್ರ ಗರಗಸಾನಾ?"

ತಮಾಷೆಗೆ ಅಂದದ್ದು. ಯಾರೂ ಏನೂ ಮಾತಾಡದೆ ಇದ್ದಿದ್ದರೆ ಮಾತು ಅಲ್ಲಿಗೇ ಮುಗಿದು ಹೋಗುತ್ತಿತ್ತು. ಆದರೆ ಮುನೀಫ್ ಕನ್ನಡಿಯಲ್ಲಿ ತನ್ನ ಅರ್ಧ ನೊರೆಯ ಮುಖವನ್ನೇ ನೋಡುತ್ತ ಹೇಳಿದ:

"ಅದಕ್ಕೂ ಇತ್ತು. ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಕಣ್ಣಾಣೆ ಇಟ್ಟೆ. ಆ ಮರ ಸುಮ್ಮನೆ ಹೋಯ್ತು."

"ಏನಂದೆ?" ಅಬು ನಿಜಾರನ ನಗು ನಿಂತಿತ್ತು. "ಹಾಗಾದ್ರೆ ನಾನು ಒಲೆಗೆ ಹಾಕಿದ್ದು..."

"ಹೌದು."

"ಯಾವಾಗ ಗೊತ್ತಾಯ್ತು ನಿಂಗೆ?"

"ಜೂನಲ್ಲಿ."

ಮೀನುಗಾರನೊಬ್ಬ "ಛೇ" ಎಂದ. ಹಾಜಿ ಮಿಸ್ಬಾಹ್ ಚಪ್ಪಲಿಯ ಸದ್ದೂ ಕೇಳದಂತೆ ಹೊರಟುಹೋದರು. ಗರಗಸದವರಿಗೆ ಬೇಡವೆನ್ನಲು ಅವಸರದಲ್ಲಿದ್ದರೇನೋ. ನಾನು ಉಳಿದ ಅರ್ಧ ಗಡ್ಡ ತೆಗೆದೆ.

ನಮ್ಮ ಬೀದಿಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಮುನೀಫ್ ಸಂಜೆ ಬದ್ರಿಯಾಳ ಬಾಗಿಲಿಗೆ ಹೋಗುವಷ್ಟರಲ್ಲಿ ಅವಳಿಗೆ ಎಲ್ಲವೂ ತಿಳಿದಿತ್ತು. ಅವಳು ಅಂಗಳದಲ್ಲಿ, ಕಡಿದ ಬೊಡ್ಡೆಯ ಪಕ್ಕ, ಬಟ್ಟೆ ಮಡಚುತ್ತಿದ್ದಳಂತೆ. ಅವನು ನಿಂತೇ ಎಲ್ಲ ಹೇಳಿದ. ಸೆಟ್ಟಿಂಗು, ಫೋನು, ಹಿಟ್ಟಿನ ಚೀಲ, ಏನನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿದಳು.

"ಮರ ಹೋಗಿದ್ದಕ್ಕೆ ನಿನ್ನ ಏನೂ ಅನ್ನಲ್ಲ ಮುನೀಫ್," ಎಂದಳು. "ಹೂಂ ಅಂದೋಳು ನಾನೇ. ಆದ್ರೆ ನೀನು ಬೇಸಿಗೆ ಪೂರ್ತಿ ದಿನಾ ಈ ಬಾಗಿಲ ಮುಂದೆ ಹೋದೆ. ಚಿಕ್ಕಮ್ಮಾ ಹೇಗಿದ್ದೀರಾ ಅಂತ ಕೇಳ್ದೆ. ಸೆಕೆ ಜಾಸ್ತಿ ಕಣಪ್ಪಾ, ಒಳಗೆ ಕಣ್ಣು ಕಾಣ್ಸಲ್ಲ ಅಂತ ನಾನು ಹೇಳ್ದೆ. ನೀನು ಕೇಳಿಸ್ಕೊಂಡು ಹೋದೆ. ಎಷ್ಟು ಸಲ ಹೇಳ್ದೆ ನಾನು?"

ಮುನೀಫ್ ಆ ಕೋಣೆಯ ಗವಾಕ್ಷಿಯತ್ತ ನೋಡಿದ.

"ಒಳಗಿನ ಕೋಣೆಗೆ ಒಂದು ಪ್ಯಾನೆಲ್ ಹಾಕ್ಕೊಡ್ತೀನಿ ಚಿಕ್ಕಮ್ಮ. ದೀಪ, ಫ್ಯಾನು, ಎಲ್ಲಾ. ಅಂಗಳಕ್ಕೆ ಚಪ್ಪರ ಹಾಕಿಸ್ತೀನಿ."

"ಬೇಡ ಮೇಸ್ತ್ರಿ. ನಿಮಗೆ ಯಾಕೆ ತೊಂದರೆ," ಎಂದಳು ಅವಳು, ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು. "ಹೋಗಿಬನ್ನಿ."

ನನಗೆ ಇದನ್ನು ಹೇಳುವಾಗ ಅವನು ಮೊದಲ ಮಾತುಗಳನ್ನೆಲ್ಲ ನೆಟ್ಟಗೆ ಹೇಳಿದ. "'ನೀವು' ಅಂದಳು ಕಣಯ್ಯಾ ನನಗೆ" ಎನ್ನುವಲ್ಲಿ ಮಾತ್ರ ಧ್ವನಿ ಒಡೆಯಿತು.

ಆಮೇಲೆ ಅಬು ನಿಜಾರ್ ತನ್ನ ಬೇಕರಿಯಿಂದ ಅವಳ ಕೋಣೆಗೆ ತಂತಿ ಎಳೆಸಿದ. ಅದನ್ನು ಅವಳು ಬೇಡವೆನ್ನಲಿಲ್ಲ. ಕೆಲಸಕ್ಕೆ ಕುಬ್ಬೆ ಬಡಾವಣೆಯಿಂದ ಬೇರೊಬ್ಬ ಎಲೆಕ್ಟ್ರಿಷಿಯನ್ ಬಂದಿದ್ದ, ಅವಳೇ ಹಾಗೆ ಹೇಳಿದ್ದಳಂತೆ. ಅವನು ಏಣಿ ಇಟ್ಟು ಗೋಡೆಯುದ್ದಕ್ಕೂ ಮೊಳೆ ಹೊಡೆಯುತ್ತಿದ್ದಾಗ ಮುನೀಫ್ ತನ್ನ ಮಳಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೊಳೆಗಳು ವಾರೆಯಾಗಿದ್ದವು, ತಂತಿ ಜೋತು ಬಿದ್ದಿತ್ತು. ಮುನೀಫನ ಕೈ ಎರಡು ಸಲ ಮೇಲೆದ್ದು ಕೆಳಗಿಳಿಯಿತು. ಆದರೆ ಅವನು ದಾಟಿ ಹೋಗಲಿಲ್ಲ.

ಹಾಜಿ ಮಿಸ್ಬಾಹರ ಮನೆಯ ಕೆಲಸವನ್ನು ಅವನೇ ಮಾಡಿದ. ಒಪ್ಪಿಸಲು ಹಾಜಿಯವರೇ ಬರಬೇಕಾಯಿತು. ಬೆಳಗಿನಿಂದ ಸಂಜೆಯವರೆಗೆ ಚಾವಣಿಯ ಮೇಲೆ ಕೂತು, ಖರ್ಜೂರದ ನೆರಳು ಸರಿದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯೊಳಗಿನ ಪ್ಯಾನೆಲ್‌ಗಳನ್ನೇ ಬೇರೆ ಸಾಲಾಗಿ ಕಟ್ಟಿದ. ಫ್ರಿಜ್ಜು ನಡೆಯಿತು, ಮರವೂ ಉಳಿಯಿತು. ಹಾಜಿಯವರ ಸೊಸೆಯಂದಿರು ಹೊಗಳಲು ಬಾಯಿ ತೆರೆದರೆ ಅವನಾಗಲೇ ಮೆಟ್ಟಿಲಿಳಿದು ಹೋಗಿದ್ದ. ಈಗ ಅವನು ಒಂದು ಕೆಲಸಕ್ಕೆ ತುಂಬ ಹೊತ್ತು ತೆಗೆದುಕೊಳ್ಳುತ್ತಾನೆ. ಅವಸರವಿದ್ದವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಅವನಿಗೆ ಅದರ ಬೇಸರವಿಲ್ಲ.

ಬದ್ರಿಯಾಳ ಬಾಗಿಲ ಮುಂದಿನ ದಾರಿಯಲ್ಲಿ ಅವನು ಓಡಾಡುವುದಿಲ್ಲ. ಮೀನುಪೇಟೆ ಸುತ್ತಿಕೊಂಡು ಮನೆಗೆ ಹೋಗುತ್ತಾನೆ. ಇತ್ತೀಚೆಗೆ ವಫಾ ಅವನಿಗೆ ಹೇಳದೆ, ಅವನ ಹೊಸ ಪ್ಯಾಂಟೊಂದನ್ನು ಅಂಚು ಮಡಿಸಲು ಬದ್ರಿಯಾಳಿಗೆ ಕೊಟ್ಟು ಬಂದಳು. ಯಾರದೆಂದು ಬದ್ರಿಯಾ ಕೇಳಲಿಲ್ಲ. ಅಳತೆಯನ್ನೂ ಕೇಳಲಿಲ್ಲವಂತೆ. ಹೇಳಿದ ದಿನಕ್ಕೆ ಹೊಲಿದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಕಳಿಸಿದಳು. ಮುನೀಫ್ ಅದನ್ನು ಬಿಚ್ಚಿ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದ, ಮತ್ತೆ ಹಾಗೆಯೇ ಸುತ್ತಿ ಕಪಾಟಿನಲ್ಲಿಟ್ಟ. ಹಬ್ಬಕ್ಕೆ ಹಾಕಿಕೊಳ್ಳಿ ಎಂದು ವಫಾ ಎಷ್ಟು ಹೇಳಿದರೂ ಹಳೇ ಪ್ಯಾಂಟಿನಲ್ಲೇ ನಮಾಜಿಗೆ ಬಂದಿದ್ದ.